ಬೀಜ ಬಿತ್ತಿದರೆ ಅದೇ ಗಿಡ ಬರುವುದಿಲ್ಲ

ಸೋಮವಾರಪೇಟೆಯಿಂದ ಬರೆದ ಗೆಳೆಯರಿಗೆ,

ಗಾಂಜಾ ತಳಿ ಅಭಿವೃದ್ಧಿಯ ಬಗ್ಗೆ ನೀವು ಕಳಿಸಿದ ‘ಎರಡು ಗುಣದ ಗಿಡ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಅಚ್ಚು ಹಾಕಲಾರೆ. ತಿದ್ದಿ ಕಳಿಸಿದರೆ ಖಂಡಿತ ತೆಗೆದುಕೊಳ್ಳುತ್ತೇನೆ.

ಮೊದಲ ಎರಡು ಪುಟ ಋಷಿಮುನಿಗಳಿಗೇ ಹೋಗಿದೆ. ತೆಗೆದುಬಿಡಿ. ಲೇಖನ ಶುರುವಾಗುವುದೇ ಮೂರನೇ ಪುಟದಲ್ಲಿ: ಟಿಎಚ್‌ಸಿ (ಮತ್ತೇರಿಸುವ ಅಂಶ) ಹೆಚ್ಚಿರುವ ಗಿಡಕ್ಕೆ ಸಿಬಿಡಿ (ಮತ್ತೇರಿಸದ ಅಂಶ) ಹೆಚ್ಚಿರುವ ಗಿಡ ಕೂಡಿಸಿದರೆ ಮರಿಗಿಡದಲ್ಲಿ ಎರಡೂ ಇರುತ್ತವೆ. ಸರಿ, ಆದರೆ ಯಾಕೆ? ಎರಡಕ್ಕೂ ಮೂಲ ಒಂದೇ, ಗಿಡದೊಳಗಿನ ಸಿಬಿಜಿ ಆಮ್ಲ ಎಂಬ ವಸ್ತು. ಒಂದು ಕಿಣ್ವ ಅದನ್ನು ಟಿಎಚ್‌ಸಿ ಆಮ್ಲ ಮಾಡುತ್ತದೆ, ಇನ್ನೊಂದು ಸಿಬಿಡಿ ಆಮ್ಲ ಮಾಡುತ್ತದೆ. ಒಂದೇ ಅಕ್ಕಿಯಲ್ಲಿ ಒಬ್ಬರು ನೂಪುಟ್ಟು, ಇನ್ನೊಬ್ಬರು ಕಡಂಬುಟ್ಟು ಮಾಡಿದ ಹಾಗೆ. ಮಿಶ್ರತಳಿಗೆ ಎರಡೂ ಕಿಣ್ವ ಬಂದಿರುತ್ತವೆ. ಇಷ್ಟು ಹೇಳದೆ ಮುಂದೆ ಹೋಗಬೇಡಿ.

ಆಮೇಲೆ ಎಡವಿದ್ದೀರಿ. ‘ಆ ಗಿಡದ ಬೀಜ ಉಳಿಸಿಕೊಂಡರೆ ವರ್ಷವರ್ಷವೂ ಅದೇ ಸಮಪಾಲು’ ಎಂದಿದ್ದೀರಿ. ಇಲ್ಲ. 2003ರಲ್ಲಿ ಡಿ ಮೈಯರ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ ಎರಡನೇ ಪೀಳಿಗೆ, ಅಂದರೆ ಮಿಶ್ರತಳಿಯ ಬೀಜದಿಂದ ಬಂದ ಗಿಡಗಳು, 1:2:1ರಂತೆ ಒಡೆದವು. ಹದಿನಾರು ಗಿಡವಿದ್ದರೆ ಸುಮಾರು ನಾಲ್ಕು ಬರೀ ಟಿಎಚ್‌ಸಿ ಕಡೆಗೆ, ನಾಲ್ಕು ಸಿಬಿಡಿ ಕಡೆಗೆ, ಎಂಟು ಮಾತ್ರ ಮಿಶ್ರ. ನಿಮ್ಮ ತೋಟದ ಪನ್ನಿಯೂರು-1 ಮೆಣಸೂ ಮಿಶ್ರತಳಿಯೇ ಅಲ್ಲವೇ? ಅದರ ಕಾಳು ಬಿತ್ತುತ್ತೀರಾ? ಬುಡದಲ್ಲಿ ಹರಿದ ಬಳ್ಳಿ ಕತ್ತರಿಸಿ, ತೊಟ್ಟೆಗೆ ನೆಟ್ಟು, ಬೇರು ಬರಿಸಿ, ಸಿಲ್ವರ್ ಓಕ್ ಬುಡಕ್ಕೆ ಕೂರಿಸುತ್ತೀರಿ. ಅದಕ್ಕೇ ತಾಯಿಬಳ್ಳಿಯ ಗುಣ ಕೆಡುವುದಿಲ್ಲ. ಗಾಂಜಾದಲ್ಲೂ ಸಮಪಾಲು ಉಳಿಯಬೇಕಾದರೆ ಕಡ್ಡಿಯಿಂದಲೇ ಗಿಡ ಮಾಡಬೇಕು. ಕೊಡಗಿನ ಓದುಗರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಇಲ್ಲ. ಕೈಯಲ್ಲೇ ಇದ್ದದ್ದನ್ನು ಬಿಟ್ಟಿರಲ್ಲ ಎಂದು ಬೇಜಾರಾಯಿತು.

ಹಿಮಾಚಲದ ರಸ್ತೆಬದಿಯಲ್ಲಿ ಗಂಡುಗಿಡಕ್ಕೆ ಭುಜ ತಾಗಿ ಅಂಗಿಯ ಮೇಲೆ ಹಳದಿ ಹುಡಿ ಕೂತ ಭಾಗ ಚೆನ್ನಾಗಿದೆ. ಒಂದಕ್ಷರ ಮುಟ್ಟಬೇಡಿ. ಗಾಳಿಯಲ್ಲಿ ಹಾರಿ ಬೇಡದ ಗಿಡಕ್ಕೂ ಕೂಡುವ ಆ ಪರಾಗದ ಹುಡಿಯೇ ತಳಿಗಾರರ ದೊಡ್ಡ ತಲೆನೋವು ಎಂದು ಅಲ್ಲೇ ಒಂದು ಸಾಲು ಸೇರಿಸಿ.

‘ನಮ್ಮ ತೋಟದ ಮರೆಯಲ್ಲೂ ಮಾಡಿ ನೋಡಬಹುದು’ ಎಂಬ ಸಾಲನ್ನು ನಾನು ಹಾಕುವುದಿಲ್ಲ. 1985ರ ಎನ್‌ಡಿಪಿಎಸ್ ಎಂಬ ಮಾದಕವಸ್ತು ಕಾಯ್ದೆಯಡಿ ಪರವಾನಗಿ ಇಲ್ಲದೆ ಗಾಂಜಾ ಬೆಳೆಸುವುದು ಅಪರಾಧ. ನಾರಿಗಾಗಿ ಪರವಾನಗಿ ಕೊಡುವ ಉತ್ತರಾಖಂಡದಲ್ಲೂ ಟಿಎಚ್‌ಸಿ ಶೇ. 0.3 ಮೀರುವಂತಿಲ್ಲ, ನಿಮ್ಮ ಸಮಪಾಲಿನ ಗಿಡ ಅಲ್ಲೂ ಸಲ್ಲದು. ನಿಮ್ಮ ಮಾತು ನಂಬಿ ಯಾವನೋ ಹುಡುಗ ಠಾಣೆ ಹತ್ತುವುದು ಬೇಡ.

ಕಾಫಿ ಕೊಯ್ಲು ಶುರುವಾಗುವ ಮೊದಲೇ ತಿದ್ದಿ ಕಳಿಸಿ. ಆಮೇಲೆ ನಿಮಗೆ ಪುರುಸೊತ್ತಾಗುವುದಿಲ್ಲ.

ಸಂಪಾದಕ, ಮಡಿಕೇರಿ