ಬಿಸಿಲು ಏರಿದರೆ ಮೀನಿನ ಹೇನು ಹೆಚ್ಚುವುದೇಕೆ?

ಪ್ರಶ್ನೆ: ಸರ್, ನಮಸ್ಕಾರ. ನಮ್ಮ ಹೊಲದ ಕೃಷಿ ಹೊಂಡದಲ್ಲಿ ರೋಹು, ಕಾಟ್ಲಾ ಬಿಟ್ಟಿದ್ದೇನೆ. ಏಪ್ರಿಲ್ ಶುರುವಾದಾಗಿನಿಂದ ರೋಹು ದಂಡೆಯ ಕಲ್ಲಿಗೆ ಮೈ ಉಜ್ಜುತ್ತಿವೆ, ಚಂಗನೆ ಮೇಲೆ ಹಾರುತ್ತಿವೆ. ಮೈಮೇಲೆ ಕೆಂಪು ಚುಕ್ಕೆ. ಒಂದನ್ನು ಹಿಡಿದು ನೋಡಿದರೆ ಬೇಳೆಯ ಹಾಗೆ ಚಪ್ಪಟೆ ಹುಳ ಹರಿದಾಡುತ್ತಿತ್ತು. ಬಿಸಿಲಿಗೆ ಮೈ ಸುಟ್ಟಿದೆ ಅಂತ ನಮ್ಮ ಕಾಕಾ ಹೇಳ್ತಾರೆ. ಹತ್ತಿಗೆ ಹೊಡೆಯುವ ಔಷಧ ಸ್ವಲ್ಪ ಹಾಕಲಾ? ಈ ಮೀನು ತಿನ್ನಬಹುದಾ?
– ಓದುಗರು, ಶಹಾಪುರ ತಾಲೂಕು, ಯಾದಗಿರಿ ಜಿಲ್ಲೆ

ಉತ್ತರ: ಮೊದಲು ಆ ಔಷಧದ ಡಬ್ಬಿ ಹೊಂಡದಿಂದ ದೂರ ಇಡಿ, ದಯವಿಟ್ಟು. ನೀವು ಕಂಡಿದ್ದು ಮೀನಿನ ಹೇನು, ಆರ್ಗ್ಯುಲಸ್. ಹೆಸರಿಗೆ ಹೇನು, ಆದರೆ ಸಿಗಡಿ, ಏಡಿಯ ಬಳಗದ್ದು. ಕಾಟ್ಲಾ ತಿಂದು ಬೆಳೆಯುವ ನೀರಿನ ಸಣ್ಣ ಜೀವಿಗಳಲ್ಲೂ ಬಹಳಷ್ಟು ಅದೇ ಬಳಗ. ಔಷಧ ಸುರಿದರೆ ಮೀನಿನ ಊಟವೇ ಸಾಯುತ್ತದೆ, ಮೀನೂ ಸಾಯಬಹುದು.

ಕಾಕಾ ಹೇಳಿದ್ದು ಪೂರ್ತಿ ತಪ್ಪಲ್ಲ. ಸುಟ್ಟಿದ್ದು ಬಿಸಿಲಲ್ಲ, ಆದರೆ ಹೇನಿಗೆ ಬಲ ಕೊಟ್ಟಿದ್ದು ಬಿಸಿಲೇ. ಇದರ ಮೊಟ್ಟೆ 15 ಡಿಗ್ರಿ ನೀರಿನಲ್ಲಿ ಒಡೆಯಲು ಸುಮಾರು 2 ತಿಂಗಳು ಬೇಕು. 35 ಡಿಗ್ರಿಯಲ್ಲಿ 10 ದಿನ ಸಾಕು! ಚಳಿಗಾಲದಲ್ಲಿ ಒಂದು ಪೀಳಿಗೆ ಬರುವಷ್ಟರಲ್ಲಿ ನಮ್ಮ ಬೇಸಿಗೆಯಲ್ಲಿ ಎರಡು ಮೂರು ಬಂದುಬಿಡುತ್ತವೆ. ಅತ್ತ ಮೀನು ಸೋತಿರುತ್ತದೆ. 20 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗುತ್ತದೆ, 30 ಡಿಗ್ರಿಯಲ್ಲಿ ಏಳೂವರೆಯಷ್ಟೇ. ನೀರು ಕಾದಷ್ಟೂ ಮೀನಿಗೆ ಉಸಿರು ಜಾಸ್ತಿ ಬೇಕು, ಸಿಗುವುದು ಮಾತ್ರ ಕಡಿಮೆ. ಹೊಂಡ ಅರ್ಧಕ್ಕೆ ಇಳಿದಾಗ ಅಷ್ಟೂ ಮೀನು ಒತ್ತೊತ್ತಾಗಿ ಓಡಾಡುತ್ತವೆ. ಆಗ ಹೇನು ಒಂದರಿಂದ ಇನ್ನೊಂದಕ್ಕೆ ದಾಟುವುದು ಸುಲಭ ಅಲ್ವಾ?

ಹಾಗಂತ ಎಲ್ಲ ಪರಾವಲಂಬಿಗೂ ಬಿಸಿ ಹಿತವಲ್ಲ. ಬಿಳಿ ಚುಕ್ಕೆ ರೋಗದ ಜೀವಿ 30 ಡಿಗ್ರಿ ದಾಟಿದರೆ ಕುಗ್ಗುತ್ತದೆ.

ಈಗ ಮಾಡಬೇಕಾದ್ದು. ಹತ್ತಿಕುಣಿ ಕಡೆ ನಮ್ಮ ಭಾವನವರ ಹೊಂಡದಲ್ಲಿ ಹೀಗೇ ಆಗಿತ್ತು. ದಂಡೆಯಲ್ಲಿ ಮುಳುಗಿದ್ದ ಹಂಚಿನ ಚೂರು ಎತ್ತಿ ತಿರುವಿದೆ. ಗಸಗಸೆ ಅಂಟಿಸಿದ ಹಾಗೆ ಸಾಲು ಸಾಲು ಮೊಟ್ಟೆ, ಉಗುರಿನಿಂದ ಕೆರೆದರೂ ಬೇಗ ಬಿಡಲಿಲ್ಲ. ಹೆಣ್ಣು ಹೇನು ಮೀನಿನಿಂದ ಇಳಿದು ಗಟ್ಟಿ ವಸ್ತು ಹುಡುಕಿ ಮೊಟ್ಟೆ ಇಡುತ್ತದೆ. ನಮಗೆ ಹಿಡಿತ ಸಿಗುವುದು ಅಲ್ಲೇ. ಹಳೆ ಹಂಚು, ಬಿದಿರು ತುಂಡುಗಳನ್ನು ಹಗ್ಗಕ್ಕೆ ಕಟ್ಟಿ ನೀರಿಗೆ ಇಳಿಬಿಡಿ. 4-5 ದಿನಕ್ಕೊಮ್ಮೆ ಎಳೆದು, ಇಡೀ ದಿನ ಬಿಸಿಲಿಗೆ ಹಾಕಿ. ಮೊಟ್ಟೆ ಒಣಗಿ ಸಾಯುತ್ತವೆ. ನೀರೊಳಗೆ ಅವನ್ನು ಬೇಗ ಮರಿ ಮಾಡಿಸುವ ಬಿಸಿಲೇ ಹೊರಗೆ ಕೊಲ್ಲುತ್ತದೆ. ತಪ್ಪದೆ ತಿಂಗಳೊಪ್ಪತ್ತು ಮಾಡಿ, ಒಂದೆರಡು ಸಲಕ್ಕೆ ಬಿಡಬೇಡಿ. ಸಾಧ್ಯವಾದರೆ ನಸುಕಿನಲ್ಲಿ ಬೋರ್‌ವೆಲ್ ನೀರನ್ನು ಮೇಲಿನಿಂದ ಬೀಳುವ ಹಾಗೆ ಬಿಡಿ, ಮೇವು ಅರ್ಧಕ್ಕೆ ಇಳಿಸಿ, ದೊಡ್ಡ ಮೀನು ಹಿಡಿದು ಮಾರಿಬಿಡಿ. ಹೇನು ತೀರಾ ಜಾಸ್ತಿಯಾದರೆ ಮೀನುಗಾರಿಕೆ ಇಲಾಖೆಯವರಿಗೆ ಒಂದು ಮೀನು ತೋರಿಸಿ, ಅವರು ಹೇಳಿದ ಔಷಧವನ್ನು ಅವರು ಹೇಳಿದ ಅಳತೆಯಲ್ಲೇ ಹಾಕಿ.

ತಿನ್ನಲು ಭಯ ಬೇಡ. ಈ ಹೇನು ಮನುಷ್ಯರಿಗೆ ಹತ್ತುವುದಿಲ್ಲ. ತೊಳೆದು ಚೆನ್ನಾಗಿ ಬೇಯಿಸಿ ತಿನ್ನಿ. ಮೈತುಂಬ ಹುಣ್ಣಾದ ಮೀನು ಮಾತ್ರ ಬೇಡ.

ನಾಳೆ ಬೆಳಿಗ್ಗೆ ಕಾಕಾ ಅವರನ್ನೂ ದಂಡೆಗೆ ಕರೆದುಕೊಂಡು ಹೋಗಿ, ಒಂದು ಕಲ್ಲು ತಿರುವಿ ತೋರಿಸಿ.