ನಂಬರ್ ಒನ್ ಆಗದ 'ನಂಬರ್ ಒನ್ ರೆಕಾರ್ಡ್'

ಎಪ್ಪತ್ತರ ದಶಕದಲ್ಲಿ ಯಾವ ಜನಪ್ರಿಯ ಹಾಡುಗಳ ಪಟ್ಟಿಗೂ ಏರದ, ಆದರೆ ಇವತ್ತಿಗೂ ಕೇಳುವಂತಿರುವ ಇಂಗ್ಲಿಷ್ ಪಾಪ್ ತಂಡ ಯಾವುದು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ನಾನು ಕಣ್ಣು ಮುಚ್ಚಿಕೊಂಡು ಹೇಳುವ ಹೆಸರು ಅಮೆರಿಕದ ಮೆಂಫಿಸ್‌ನ 'ಬಿಗ್ ಸ್ಟಾರ್'.

ಸ್ಟುಡಿಯೋ ಹತ್ತಿರವಿದ್ದ ದಿನಸಿ ಅಂಗಡಿಯ ಹೆಸರನ್ನೇ ತಂಡಕ್ಕೆ ಇಟ್ಟುಕೊಂಡವರು ಇವರು. 1972ರ ಮೊದಲ ಆಲ್ಬಮ್ಮಿಗೆ 'ನಂಬರ್ ಒನ್ ರೆಕಾರ್ಡ್' ಎಂದು ಹೆಸರಿಟ್ಟರು. ವಿಮರ್ಶಕರು ಹೊಗಳಿದ್ದೇ ಬಂತು, ವಿತರಣೆ ಕೆಟ್ಟು ಅಂಗಡಿಗಳಲ್ಲಿ ರೆಕಾರ್ಡೇ ಸಿಗಲಿಲ್ಲ. ಗಾಯಕ ಅಲೆಕ್ಸ್ ಚಿಲ್ಟನ್ ಹದಿನಾರನೇ ವಯಸ್ಸಿಗೇ ಬಾಕ್ಸ್ ಟಾಪ್ಸ್ ತಂಡದ 'ದ ಲೆಟರ್' ಹಾಡಿ, 1967ರಲ್ಲಿ ಅಮೆರಿಕದ ಪಟ್ಟಿಯ ತುದಿ ಮುಟ್ಟಿದ್ದವರು. ಅಲ್ಲಿನ ಒರಟು ದನಿಯನ್ನು ಇಲ್ಲಿ ಹುಡುಕಬೇಡಿ, ಬೇರೆ ಯಾರೋ ಹಾಡಿದಂತಿದೆ.

ಮೊದಲು 'ಥರ್ಟೀನ್' ಕೇಳಿ. ಡ್ರಮ್ ಇಲ್ಲ, ಗಿಟಾರ್ ತಂತಿಗಳ ಮೇಲೆ, ಶಾಲೆ ಬಿಟ್ಟ ಮೇಲೆ ಹುಡುಗಿಯ ಜೊತೆ ನಡೆದು ಹೋಗಲು ಅನುಮತಿ ಕೇಳುವ ಹುಡುಗನ ಅಳುಕು. ಎರಡೂವರೆ ನಿಮಿಷಕ್ಕೆ ಮುಗಿದೇ ಹೋಗುತ್ತದೆ. ನಾನಂತೂ ಪ್ರತಿ ಸಲವೂ ಮತ್ತೊಮ್ಮೆ ಹಾಕುತ್ತೇನೆ. ಆಮೇಲೆ 1974ರ 'ರೇಡಿಯೋ ಸಿಟಿ' ಆಲ್ಬಮ್ಮಿನ 'ಸೆಪ್ಟೆಂಬರ್ ಗರ್ಲ್ಸ್'. ಶುರುವಿನ ಗಿಟಾರ್ ಗಂಟೆ ಬಾರಿಸಿದಂತೆ ಕೇಳುತ್ತದೆ. ಇದನ್ನೇ 1986ರಲ್ಲಿ ಬ್ಯಾಂಗಲ್ಸ್ ತಂಡ ಹಾಡಿತು. ನನಗೆ ಮೂಲವೇ ಇಷ್ಟ.

ಮೂರನೆಯ ಆಲ್ಬಮ್ ಸದ್ಯಕ್ಕೆ ಬೇಡ, ಅದು ಕತ್ತಲೆಯ ಕೋಣೆ. ಮೊದಲ ಆಲ್ಬಮ್ ಆದ ಮೇಲೆ ತಂಡ ಬಿಟ್ಟ ಕ್ರಿಸ್ ಬೆಲ್ ಅವರ 'ಐ ಆ್ಯಮ್ ದ ಕಾಸ್ಮೋಸ್' ಹಾಡನ್ನು ಮಾತ್ರ ಬಿಡಬೇಡಿ. ಅದು ಬಂದ ವರ್ಷವೇ, 1978ರ ಡಿಸೆಂಬರ್‌ನಲ್ಲಿ, ಕಾರು ಅಪಘಾತದಲ್ಲಿ ಅವರು ತೀರಿಕೊಂಡರು. ಆಗ ವಯಸ್ಸು 27.