‘ಯೂ’ಗೆ ಬಹುವಚನವಿಲ್ಲ: ಒಂದು ಆಪ್ತಸಲಹೆ ಪ್ರಕರಣ

ಕಾರ್ಕಳದ ಕಡೆಯ 23 ವರ್ಷದ ಬಿ.ಕಾಂ. ಪದವೀಧರರೊಬ್ಬರು ಕಳೆದ ಮಳೆಗಾಲದಲ್ಲಿ ಮಂಗಳೂರಿನ ನನ್ನ ಸಲಹಾ ಕೊಠಡಿಗೆ ಬಂದರು; ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿ, ಅವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ನಗರದ ಸಂಸ್ಥೆಯೊಂದರ ಸಂದರ್ಶನದಲ್ಲಿ ಲೆಕ್ಕಪತ್ರ ವಿಭಾಗಕ್ಕೆ ಆಯ್ಕೆಯಾಗಿದ್ದ ಅವರಿಗೆ, ಹನ್ನೆರಡು ದಿನಗಳ ಬಳಿಕ ‘ಸದ್ಯಕ್ಕೆ ಮುಂದುವರಿಸುತ್ತಿಲ್ಲ’ ಎಂಬ ಉತ್ತರ ಬಂದಿತ್ತು. ಬೀಡಿ ಕಟ್ಟಿ ಓದಿಸಿದ ತಾಯಿಗೆ ಕೆಲಸ ಸಿಕ್ಕಿತೆಂದು ಮೊದಲೇ ಹೇಳಿಬಿಟ್ಟಿದ್ದರಿಂದ, ನಿಜ ಹೇಳಲಾಗದೆ, ಎರಡು ವಾರ ದಿನವೂ ಬೆಳಗಿನ ಬಸ್ಸು ಹಿಡಿದು ಬಂದು, ಕದ್ರಿ ಪಾರ್ಕಿನಲ್ಲಿ ಹೊತ್ತು ಕಳೆದು, ಸಂಜೆ ಮನೆಗೆ ಮರಳುತ್ತಿದ್ದರು. ನಿದ್ದೆ ಕೆಟ್ಟಿತ್ತು. ಕನ್ನಡ ಮಾಧ್ಯಮದಲ್ಲಿ ಓದಿದ್ದೇ ತನಗೆ ಮುಳುವಾಯಿತು ಎಂಬುದು ಅವರ ತೀರ್ಮಾನ.

ಆ ಹನ್ನೆರಡು ದಿನಗಳ ವಾಟ್ಸಾಪ್ ಸಂದೇಶಗಳನ್ನು ತೋರಿಸುವಂತೆ ಕೇಳಿದೆ. ಅಂಕಪಟ್ಟಿಗಳನ್ನು ಕಳುಹಿಸಿ, ಸೇರುವ ದಿನಾಂಕವನ್ನು ತಿಳಿಸಬೇಕೆಂದು ಸಂಸ್ಥೆಯ ಅಧಿಕಾರಿ ಮೇಡಂ ಇಂಗ್ಲಿಷಿನಲ್ಲಿ ಮೂರು ಸಾಲು ಬರೆದಿದ್ದರೆ, ಇವರ ಉತ್ತರ ‘ಓಕೆ’ಯನ್ನು ಮೊಟಕುಗೊಳಿಸಿದ ‘ಕೆ’ ಎಂಬ ಒಂದೇ ಇಂಗ್ಲಿಷ್ ಅಕ್ಷರ. ರಾತ್ರಿ 10.40ಕ್ಕೆ ‘ಮ್ಯಾಮ್’, ಮರುನಿಮಿಷ ‘ಒನ್ ಡೌಟ್’, ಅದರ ಕೆಳಗೆ ‘ಪಿಎಫ್ ಕಟ್ ಆಗ್ತದಾ’, ಆಮೇಲೊಂದು ಕಣ್ಣು ಮಿಟುಕಿಸುವ ನಗುಮುಖ. ಅಂಕಪಟ್ಟಿಯನ್ನು ಹೂವಿನ ಬೆಡ್‌ಶೀಟಿನ ಮೇಲಿಟ್ಟು ಫೋಟೋ ತೆಗೆದಿದ್ದರು. ಮೂಲೆಯಲ್ಲಿ ಅವರದೇ ಹೆಬ್ಬೆರಳು, ಅದರಡಿ ಮುಚ್ಚಿಹೋದ ನೋಂದಣಿ ಸಂಖ್ಯೆ. ದಿನಾಂಕದ ಪ್ರಶ್ನೆಯನ್ನು ಮೇಡಂ ಮತ್ತೆ ಕೇಳಿದಾಗ ಹೋದದ್ದು ಹೆಬ್ಬೆರಳೆತ್ತಿದ ಚಿತ್ರ ಮಾತ್ರ. ಕೆಲಸ ತಪ್ಪಿದ್ದು ಇದರಿಂದಲೇ ಎಂದು ಸಂಸ್ಥೆ ಹೇಳಿಲ್ಲ, ನಾನೂ ಹೇಳಲಾರೆ; ಎರಡು ಸಲ ಕೇಳಿದರೂ ದಿನಾಂಕ ತಿಳಿಸದವರಿಗಾಗಿ ಯಾವ ಕಚೇರಿಯೂ ಬಹಳ ದಿನ ಕಾಯದು ಎಂದಷ್ಟೇ ಹೇಳಬಲ್ಲೆ.

‘ನಿಮ್ಮ ಮಾವನಿಗೆ ತುಳುವಿನಲ್ಲಿ ‘ಈ’ ಎನ್ನುತ್ತೀರೋ, ‘ಈರ್’ ಎನ್ನುತ್ತೀರೋ?’ ಎಂದು ಕೇಳಿದೆ. ತುಳುವಿನ ‘ಈ’ ಎಂದರೆ ನೀನು, ‘ಈರ್’ ಎಂದರೆ ನೀವು. ‘‘ಈ’ ಅಂದ್ರೆ ಕೆನ್ನೆಗೆ ಬೀಳ್ತದೆ ಮೇಡಂ’ ಎಂದು ಅವರು ಮೊದಲ ಬಾರಿಗೆ ನಕ್ಕರು. ತುಳುವಿನಲ್ಲಾಗಲಿ ಕನ್ನಡದಲ್ಲಾಗಲಿ ಮರ್ಯಾದೆಯು ಸರ್ವನಾಮದಲ್ಲಿಯೂ ಕ್ರಿಯಾಪದದ ಕೊನೆಯಲ್ಲಿಯೂ ತಾನಾಗಿ ಬಂದು ಕೂರುತ್ತದೆ. ‘ಬನ್ನಿ’ ಎಂದರೆ ಸಾಕು, ಬೇರೇನೂ ಸೇರಿಸಬೇಕಿಲ್ಲ. ಇಂಗ್ಲಿಷಿನ ‘ಯೂ’ ಮಾವನಿಗೂ ಗೆಳೆಯನಿಗೂ ಒಂದೇ ಆಗಿರುವುದರಿಂದ, ಅಲ್ಲಿ ಆ ಗೌರವವನ್ನು ಸಂಬೋಧನೆ, ಪೂರ್ಣ ವಾಕ್ಯ, ಬರೆಯುವ ಹೊತ್ತು, ಕೇಳಿದ್ದಕ್ಕೆಲ್ಲ ಕೊಡುವ ಉತ್ತರ ಇವುಗಳಲ್ಲಿ ತೋರಿಸಬೇಕಾಗುತ್ತದೆ. ಮಾವನೆದುರು ನಾಲಿಗೆ ತಪ್ಪದ ಈ ಯುವಕರಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಸಂಕ್ಷೇಪವೆಲ್ಲ ಸೋಮಾರಿತನ ಎಂದು ಬೈಯುವವರ ಪಕ್ಷವನ್ನು ನಾನು ವಹಿಸುವುದಿಲ್ಲ. ಒಂದು ಎಸ್ಸೆಮ್ಮೆಸ್ಸಿನಲ್ಲಿ ರೋಮನ್ ಲಿಪಿಯಾದರೆ 160, ಕನ್ನಡ ಲಿಪಿಯಾದರೆ 70 ಸಂಕೇತಗಳಷ್ಟೇ ಹಿಡಿಯುತ್ತಿದ್ದ ಕಾಲದಲ್ಲಿ (ನಮ್ಮ ‘ಕ್ಕ’ ಒಂದಕ್ಕೇ ಮೂರು ಸಂಕೇತ ಬೇಕು) ಸ್ವರಗಳನ್ನು ನುಂಗಿ ಬರೆಯುವುದು ಕಾಸು ಉಳಿಸುವ ಉಪಾಯವಾಗಿತ್ತು. ಪೂರ್ಣವಿರಾಮ ಹಾಕಿದರೆ ಸಿಟ್ಟು ಬಂದಂತೆ ಕಾಣುವುದಿಲ್ಲವೇ ಎಂಬ ಈ ಯುವಕರ ಸಂದೇಹವೂ ಹುಸಿಯಲ್ಲ: ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪೂರ್ಣವಿರಾಮದಿಂದ ಮುಗಿದ ಚುಟುಕು ಮೊಬೈಲ್ ಉತ್ತರಗಳು ವಿದ್ಯಾರ್ಥಿಗಳಿಗೆ ಅಷ್ಟು ಮನಃಪೂರ್ವಕವೆಂದು ತೋರಲಿಲ್ಲ, ಅವೇ ಉತ್ತರಗಳು ಕೈಬರಹದ ಚೀಟಿಯಲ್ಲಿದ್ದಾಗ ಆ ವ್ಯತ್ಯಾಸ ಕಾಣಲಿಲ್ಲ. ಕಚೇರಿಗೆ ಬರೆಯುವುದು ಫೋನಿನಲ್ಲೇ ಆದರೂ ಅದನ್ನು ಚೀಟಿಯೆಂದೇ ಎಣಿಸಿ ಎಂದೆ.

ಎಲ್ಲಕ್ಕೂ ಮೊದಲು ತಾಯಿಗೆ ನಿಜ ತಿಳಿಸುವಂತೆ ಸೂಚಿಸಿದೆ. ಆ ಗುಟ್ಟು ಇರುವವರೆಗೆ ನಿದ್ದೆ ಬರುವಂತಿರಲಿಲ್ಲ. ಸಂದೇಶಗಳ ವಿಷಯಕ್ಕೆ ಬಂದರೆ, ಹೇಳುವುದನ್ನು ಐದು ತುಂಡು ಮಾಡದೆ ಒಂದರಲ್ಲೇ ಬರೆಯಬೇಕು, ಹೆಸರು ಮತ್ತು ಹುದ್ದೆ ಮೊದಲ ಸಾಲಿನಲ್ಲಿರಬೇಕು, ದಾಖಲೆಗಳನ್ನು ಸ್ಕ್ಯಾನ್ ಮಾಡಿ ತಮ್ಮ ಹೆಸರಿನ ಪಿಡಿಎಫ್ ಆಗಿ ಕಳುಹಿಸಬೇಕು, ನಗುಮುಖಗಳು ಗೆಳೆಯರಿಗಿರಲಿ ಎಂದೆ. ಇಂಗ್ಲಿಷ್ ತೊಡಕಾದಾಗ ಮೊದಲು ಕನ್ನಡದಲ್ಲಿ, ಮಾವನಿಗೆ ಬರೆಯುವಂತೆ ಬಹುವಚನದಲ್ಲಿ ಬರೆದುಕೊಂಡು, ಬಳಿಕ ಅನುವಾದಿಸುವ ಅಭ್ಯಾಸ ಮಾಡಿಸಿದೆ. ‘ನಮಸ್ಕಾರ ಮೇಡಂ. ತಾವು ಎರಡು ಬಾರಿ ಕೇಳಿದ ದಿನಾಂಕವನ್ನು ತಿಳಿಸದೆ ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ. ಹುದ್ದೆ ಇನ್ನೂ ಖಾಲಿಯಿದ್ದರೆ ಮುಂದಿನ ಸೋಮವಾರವೇ ಸೇರಲು ಸಿದ್ಧನಿದ್ದೇನೆ’ ಎಂದು ಅವರು ಬರೆದದ್ದರಲ್ಲಿ ನಾನು ತಿದ್ದಿದ್ದು ಕಡಿಮೆ.

ಮೂರನೆಯ ಭೇಟಿಯ ಹೊತ್ತಿಗೆ ಮೇಡಂ ಅವರ ಉತ್ತರ ಬಂದಿತ್ತು: ಹುದ್ದೆ ಭರ್ತಿಯಾಗಿದೆ, ಮುಂದೆ ಅವಕಾಶವಿದ್ದರೆ ತಿಳಿಸುತ್ತೇವೆ. ಇಲ್ಲವೆಂದವರಿಗೂ ಉತ್ತರ ಬರೆಯಬೇಕೇ ಎಂದು ಕೇಳಿದರು. ಬರೆಯಿರಿ, ಒಂದು ಸಾಲು ಸಾಕು ಎಂದೆ. ನನ್ನೆದುರೇ ಧನ್ಯವಾದವನ್ನು ಪೂರ್ಣಾಕ್ಷರಗಳಲ್ಲಿ ಟೈಪಿಸಿ, ಕೊನೆಗೆ ಚುಕ್ಕೆಯಿಟ್ಟು, ಅದನ್ನು ಅಳಿಸಿ, ಮತ್ತೆ ಇಟ್ಟು, ಕಳುಹಿಸಿದರು.